‘ಅಮಿಸ್ಟಾಡ್’ ನೋಡುವಾಗ ಕಾಗದಪತ್ರಗಳ ಮೇಲೊಂದು ಕಣ್ಣಿರಲಿ

ಸ್ಟೀವನ್ ಸ್ಪಿಲ್‌ಬರ್ಗ್ 1997ರಲ್ಲಿ ತೆಗೆದ ‘ಅಮಿಸ್ಟಾಡ್’ ನೋಡಿದವರನ್ನು ಕೇಳಿ, ಮೂರು ದೃಶ್ಯ ಹೇಳುತ್ತಾರೆ: ಮಳೆರಾತ್ರಿಯ ದಂಗೆ, ಹಡಗಿನ ಹೊಟ್ಟೆಯೊಳಗಿನ ನರಕ, ಕೊನೆಯಲ್ಲಿ ಆಂಟನಿ ಹಾಪ್ಕಿನ್ಸ್ ಮಾಡುವ ಭಾಷಣ. ಮೂರೂ ಮರೆಯುವಂಥವಲ್ಲ, ನಿಜ. ಆದರೆ ಹಡಗಿನಲ್ಲಿ ದಂಗೆಯೆದ್ದ ಆಫ್ರಿಕನ್ ಸೆರೆಯಾಳುಗಳು ಗುಲಾಮರೋ ಸ್ವತಂತ್ರರೋ ಎಂದು 1839ರಿಂದ 1841ರವರೆಗೆ ಅಮೆರಿಕದಲ್ಲಿ ನಡೆದ ಅಸಲು ಮೊಕದ್ದಮೆ ಗೆದ್ದದ್ದು ಭಾಷಣದಿಂದಲ್ಲ. ಹವಾನಾದಲ್ಲಿ ಬರೆಸಿಕೊಂಡ ಒಂದು ಸುಳ್ಳು ರಹದಾರಿ, ಆ ಸುಳ್ಳನ್ನು ಬಯಲಿಗೆಳೆಯಲು ಸೆರೆಯಾಳುಗಳ ಮಾತು ಬಲ್ಲ ಒಬ್ಬ ನಾವಿಕ. ಕೇಸು ನಿಂತದ್ದು ಈ ಎರಡರ ಮೇಲೆ. ಇಷ್ಟು ತಿಳಿದು ಕೂತರೆ 155 ನಿಮಿಷದ ಈ ಚಿತ್ರ ಬೇರೆಯಾಗಿಯೇ ಕಾಣುತ್ತದೆ. ಅದರ ಗಟ್ಟಿತನವೂ ಕಾಣುತ್ತದೆ, ಎಲ್ಲಿ ಕೈಚಳಕ ಮಾಡಿದೆ ಅನ್ನುವುದೂ ಕಾಣುತ್ತದೆ.

ಮೊದಲು ನಡೆದದ್ದೇನು ಅನ್ನುವುದನ್ನು ಚುಟುಕಾಗಿ ತಿಳಿದುಕೊಳ್ಳೋಣ. ಇಂದಿನ ಸಿಯೆರಾ ಲಿಯೋನ್ ಇರುವ ಕಡೆ, ಗಾಲಿನಾಸ್ ನದಿ ಸಮುದ್ರ ಸೇರುವಲ್ಲಿ ಲೊಂಬೊಕೊ ಎಂಬ ಗುಲಾಮರ ಕೊಟ್ಟಿಗೆ ಇತ್ತು. ಯಜಮಾನ ಪೆದ್ರೊ ಬ್ಲಾಂಕೊ ಎಂಬ ಸ್ಪೇನಿನವನು. 1839ರ ಆರಂಭದಲ್ಲಿ ಮೆಂಡೆ ಮತ್ತು ಅಕ್ಕಪಕ್ಕದ ಸೀಮೆಗಳಿಂದ ಹಿಡಿದು ತಂದವರನ್ನು ಇಲ್ಲಿಂದ ‘ತೆಕೋರಾ’ ಎಂಬ ಹಡಗಿಗೆ ತುಂಬಿ ಕ್ಯೂಬಾದ ಹವಾನಾಕ್ಕೆ ಸಾಗಿಸಿದರು. ಅಲ್ಲಿ ಹೋಸೆ ರೂಯಿಸ್ ಎಂಬಾತ 49 ಗಂಡಸರನ್ನು ತಲೆಗೆ 450 ಡಾಲರಿನಂತೆ ಕೊಂಡ. ಪೆದ್ರೊ ಮೊಂತೆಸ್ ನಾಲ್ಕು ಮಕ್ಕಳನ್ನು ಕೊಂಡ, ಮೂವರು ಹುಡುಗಿಯರು, ಒಬ್ಬ ಹುಡುಗ. ಒಟ್ಟು 53 ಜನರನ್ನು ‘ಲಾ ಅಮಿಸ್ತಾದ್’ ಎಂಬ ಎರಡು ಹಾಯಿಕಂಬದ ಕರಾವಳಿ ಹಡಗಿಗೆ ಹತ್ತಿಸಿ, ಜೂನ್ 28ರಂದು ಕ್ಯೂಬಾದ ಇನ್ನೊಂದು ಭಾಗಕ್ಕೆ ಹೊರಟರು. ಕೆಲವೇ ದಿನಗಳ ಪಯಣ ಅದು.

ದಂಗೆ ಎದ್ದದ್ದು ಜುಲೈ ಮೊದಲ ದಿನಗಳ ಒಂದು ರಾತ್ರಿ. ನಿಮ್ಮನ್ನು ಕೊಂದು ಉಪ್ಪು ಹಾಕಿ ತಿನ್ನುತ್ತೇವೆ ಎಂದು ಅಡುಗೆಯವನು ಸೆಲೆಸ್ತಿನೊ ಕೈಸನ್ನೆಯಲ್ಲಿ ಹೆದರಿಸಿದ್ದೇ ಕಿಡಿ ಎಂದು ಸೆರೆಯಾಳುಗಳು ಆಮೇಲೆ ಹೇಳಿದರು. ಸೆಂಗ್ಬೆ ಪಿಯೆ (ಚಿತ್ರದಲ್ಲಿ ಜಿಮಾನ್ ಹೌನ್‌ಸೂ ಮಾಡಿರುವ ಸಿಂಕೆ ಪಾತ್ರ ಈತನದೇ) ಮತ್ತು ಸಂಗಡಿಗರು ಬೇಡಿ ಬಿಡಿಸಿಕೊಂಡು, ಸರಕಿನಲ್ಲಿದ್ದ ಕಬ್ಬು ಕಡಿಯುವ ಕತ್ತಿ ಹಿಡಿದು ಮೇಲೆ ಬಂದರು. ಕಪ್ತಾನ ರಮೋನ್ ಫೆರೆರ್ ಮತ್ತು ಅಡುಗೆಯವನು ಸತ್ತರು. ಹಡಗು ನಡೆಸಲೆಂದು ರೂಯಿಸ್, ಮೊಂತೆಸ್ ಇಬ್ಬರನ್ನು ಉಳಿಸಿಕೊಂಡರು. ಹಗಲು ಸೂರ್ಯ ಹುಟ್ಟುವ ದಿಕ್ಕಿಗೆ, ಅಂದರೆ ಆಫ್ರಿಕಾದ ಕಡೆಗೆ ಸಾಗು ಎಂದು ಆಜ್ಞೆ. ಮೊಂತೆಸ್ ರಾತ್ರಿಯಾದೊಡನೆ ಚುಕ್ಕಾಣಿಯನ್ನು ಉತ್ತರ–ವಾಯವ್ಯಕ್ಕೆ ತಿರುಗಿಸುತ್ತಿದ್ದ. ಹೀಗೆ ಎರಡು ತಿಂಗಳ ಹಾವಿನ ನಡಿಗೆ. ಆಗಸ್ಟ್ 26ರಂದು ನ್ಯೂಯಾರ್ಕಿನ ಲಾಂಗ್ ಐಲೆಂಡ್ ತುದಿಯಲ್ಲಿ ಅಮೆರಿಕದ ‘ವಾಷಿಂಗ್ಟನ್’ ಎಂಬ ಸರ್ಕಾರಿ ಹಡಗು ಇವರನ್ನು ಹಿಡಿಯಿತು. ಅದರ ಅಧಿಕಾರಿ ಲೆಫ್ಟಿನೆಂಟ್ ಗೆಡ್ನಿ ಎಲ್ಲರನ್ನೂ ಒಯ್ದದ್ದು ಕನೆಕ್ಟಿಕಟ್ಟಿಗೆ. ನ್ಯೂಯಾರ್ಕಿನಲ್ಲಿ ಗುಲಾಮಗಿರಿ ಆಗಲೇ ಮುಗಿದಿತ್ತು, ಕನೆಕ್ಟಿಕಟ್ಟಿನಲ್ಲಿ 1848ರವರೆಗೆ ಪೂರ್ತಿ ಹೋಗಿರಲಿಲ್ಲ. ಬಹುಮಾನದ ಪಾಲು ಕೇಳುವವನು ಯಾವ ಬಂದರಿಗೆ ಹಡಗು ಎಳೆದ ಅನ್ನುವುದನ್ನು ಗಮನಿಸಿ.

ಇನ್ನು ಕಾಗದದ ವಿಷಯ. ಬ್ರಿಟನ್ನಿನ ಜೊತೆ 1817ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಸ್ಪೇನ್ ತನ್ನ ವಸಾಹತುಗಳಿಗೆ ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು 1820ರಿಂದ ನಿಷೇಧಿಸಿತ್ತು. ಕ್ಯೂಬಾದ ಒಳಗೆ ಗುಲಾಮಗಿರಿ ಮಾತ್ರ ಕಾನೂನುಬದ್ಧವಾಗಿಯೇ ಮುಂದುವರಿದಿತ್ತು. ಅಂದರೆ 1820ಕ್ಕೆ ಮುಂಚೆ ಬಂದವರನ್ನೂ ಅಲ್ಲೇ ಹುಟ್ಟಿದ ಗುಲಾಮರನ್ನೂ ಮಾರಬಹುದು, ಹೊಸದಾಗಿ ಆಫ್ರಿಕಾದಿಂದ ಇಳಿದವರನ್ನು ಮಾರುವಂತಿಲ್ಲ. ಹಳಬರಿಗೆ ‘ಲಾದಿನೊ’, ಹೊಸಬರಿಗೆ ‘ಬೋಸಾಲ್’ ಎಂದು ಹೆಸರು. ವ್ಯಾಪಾರಿಗಳು ಮಾಡಿದ ಉಪಾಯ ಸರಳ: ಸೆರೆಯಾಳುಗಳನ್ನು ಕತ್ತಲಲ್ಲಿ ದಡಕ್ಕಿಳಿಸುವುದು, ಹವಾನಾದ ಕೊಟ್ಟಿಗೆಗೆ ಸೇರಿಸುವುದು, ಒಳನಾಡಿಗೆ ಸಾಗಿಸಲು ಗವರ್ನರನ ಕಚೇರಿಯಿಂದ ಅವರನ್ನು ‘ಲಾದಿನೊ’ ಎಂದು ಬರೆಸಿದ ರಹದಾರಿ ಪಡೆಯುವುದು. ಪಟ್ಟಿಯಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಸ್ಪ್ಯಾನಿಷ್ ಹೆಸರು. ಸೆಂಗ್ಬೆ ‘ಹೋಸೆ ಸಿಂಕೆ’ ಆದದ್ದು ಹೀಗೆ.

ಈ ಪಟ್ಟಿಯಲ್ಲಿ ಒಂದು ತೂತಿತ್ತು, ಅದು ಮಕ್ಕಳು. 1839ರಲ್ಲಿ ಏಳೆಂಟು ವರ್ಷದ ಹುಡುಗಿ 1820ಕ್ಕೆ ಮುಂಚೆ ಕ್ಯೂಬಾಕ್ಕೆ ಬಂದಿರುವುದು ಹೇಗೆ? ಕ್ಯೂಬಾದಲ್ಲೇ ಹುಟ್ಟಿದ್ದರೆ ಒಂದು ಮಾತಾದರೂ ಸ್ಪ್ಯಾನಿಷ್ ಬರಬೇಡವೇ? ಇದರ ಮೇಲೆ ರೂಯಿಸ್ ತಾನೇ ಬಾಯಿಬಿಟ್ಟ. ಅವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ನ್ಯೂ ಲಂಡನ್ ಬಂದರಿನಲ್ಲಿ ಡ್ವೈಟ್ ಜೇನ್ಸ್ ಎಂಬ ದಾಸ್ಯವಿರೋಧಿಯೊಬ್ಬರು ಹಡಗು ನೋಡಲು ಹೋದಾಗ, ಇವರಿಗೆ ಸ್ಪ್ಯಾನಿಷ್ ಬರುವುದಿಲ್ಲ, ಆಫ್ರಿಕಾದಿಂದ ಈಗಷ್ಟೇ ಬಂದವರು ಎಂದು ಮಾತಿನ ಭರದಲ್ಲಿ ಹೇಳಿಬಿಟ್ಟ. ಜೇನ್ಸ್ ಕೂಡಲೇ ಕಾಗದ ಬರೆದು ನ್ಯೂಯಾರ್ಕಿನ ದಾಸ್ಯವಿರೋಧಿಗಳಿಗೆ ಸುದ್ದಿ ಮುಟ್ಟಿಸಿದರು, ಮುಂದೆ ಸಾಕ್ಷಿಯನ್ನೂ ಹೇಳಿದರು. ಲೂಯಿಸ್ ಟ್ಯಾಪನ್ ಮತ್ತಿತರರು ಸೇರಿ ಸಮಿತಿ ಕಟ್ಟಿದ್ದು, ರೋಜರ್ ಬಾಲ್ಡ್‌ವಿನ್ ವಕಾಲತ್ತು ಹಿಡಿದದ್ದು ಇದರ ಬೆನ್ನಲ್ಲೇ.

ಚಿತ್ರ ಹಾಕುವ ಮುಂಚೆ ಒಂದು ಹಾಳೆಯ ಮೇಲೆ ಹಕ್ಕುದಾರರ ಪಟ್ಟಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಮೊದಲ ಕೋರ್ಟ್ ದೃಶ್ಯದಲ್ಲಿ ಒಬ್ಬರ ಮೇಲೊಬ್ಬರು ಎದ್ದು ‘ಇವರು ನಮ್ಮವರು’ ಅನ್ನುವಾಗ ಯಾರು ಏನು ಕೇಳುತ್ತಿದ್ದಾರೆ ಎಂದು ತಲೆ ಗಿರ್ ಅನ್ನುತ್ತದೆ. ರೂಯಿಸ್ ಮತ್ತು ಮೊಂತೆಸ್ ಕೇಳುತ್ತಿರುವುದು ಕ್ರಯಕ್ಕೆ ಕೊಂಡ ಆಸ್ತಿ. ಗೆಡ್ನಿ, ಮೀಡ್ ಎಂಬ ಇಬ್ಬರು ನೌಕಾಧಿಕಾರಿಗಳು ಕೇಳುತ್ತಿರುವುದು ದಿಕ್ಕೆಟ್ಟ ಹಡಗನ್ನು ಕಾಪಾಡಿದ್ದಕ್ಕೆ ಸಲ್ಲುವ ಪಾಲು, ಕಡಲ ಕಾನೂನಿನಲ್ಲಿ ಸಾಲ್ವೇಜ್ ಅನ್ನುತ್ತಾರೆ. ಸರ್ಕಾರಿ ವಕೀಲ ಹೋಲಬರ್ಡ್ ನಿಂತಿರುವುದು ಸ್ಪೇನಿನ ಪರವಾಗಿ. ಅವರ ಆಧಾರ 1795ರ ಒಪ್ಪಂದದ ಒಂಬತ್ತನೆಯ ಕಲಂ: ಕಡಲ್ಗಳ್ಳರ ಕೈಯಿಂದ ಬಿಡಿಸಿದ ಹಡಗು ಮತ್ತು ಸರಕನ್ನು, ಒಡೆತನ ಸಾಬೀತಾದ ಮೇಲೆ, ನಿಜವಾದ ಒಡೆಯನಿಗೆ ಮರಳಿಸಬೇಕು. ‘ಸಾಬೀತಾದ ಮೇಲೆ’ ಅನ್ನುವ ಷರತ್ತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬಾಲ್ಡ್‌ವಿನ್ನರ ವಾದವೆಲ್ಲ ಅಲ್ಲಿಂದ ಬರುತ್ತದೆ. ಸ್ಪೇನಿನ ಕಾನೂನಿನಂತೆಯೇ ಇವರು ಗುಲಾಮರಲ್ಲ, ಗುಲಾಮರಲ್ಲದಿದ್ದರೆ ಸರಕಲ್ಲ, ಅಕ್ರಮವಾಗಿ ಹಿಡಿದವನಿಂದ ಬಿಡಿಸಿಕೊಂಡವನು ಕಡಲ್ಗಳ್ಳನೂ ಅಲ್ಲ. ಅಮೆರಿಕದ ಗುಲಾಮಗಿರಿಯನ್ನು ಮುಟ್ಟದೆ ಗೆಲ್ಲುವ ದಾರಿ ಇದು. ಚಿತ್ರದ ಬಾಲ್ಡ್‌ವಿನ್ ಆಸ್ತಿ ವ್ಯಾಜ್ಯದ ವಕೀಲನ ಧಾಟಿಯಲ್ಲಿ ಮಾತಾಡುವುದು ಕೆಲವರಿಗೆ ಕಸಿವಿಸಿ ಮಾಡುತ್ತದೆ. ನನಗನ್ನಿಸುವಂತೆ ಇಡೀ ಚಿತ್ರದಲ್ಲಿ ಕಾನೂನಿಗೆ ಅತಿ ನಿಷ್ಠವಾದ ಭಾಗ ಅದೇ.

ಆದರೆ ವ್ಯಕ್ತಿ ಮಾತ್ರ ಅಂಥವನಲ್ಲ. ಮ್ಯಾಥ್ಯೂ ಮೆಕಾನಹೇ ತೋರಿಸುವುದು ಕಕ್ಷಿದಾರರನ್ನು ಹುಡುಕಿಕೊಂಡು ಅಲೆಯುವ ಹರೆಯದ ಪುಡಿ ವಕೀಲನನ್ನು. ನಿಜವಾದ ಬಾಲ್ಡ್‌ವಿನ್ ಆಗ ನಲವತ್ತಾರರ ಹೆಸರಾಂತ ವಕೀಲ, ದೊಡ್ಡ ಮನೆತನದವರು, ಮೊದಲಿನಿಂದಲೂ ಗುಲಾಮಗಿರಿಯ ವಿರೋಧಿ. ಮುಂದೆ ರಾಜ್ಯದ ಗವರ್ನರ್ ಆದರು, ಸೆನೆಟರ್ ಆದರು.

ದುಭಾಷಿಯ ಪ್ರಸಂಗವನ್ನು ಚಿತ್ರ ಚೆನ್ನಾಗಿ ಹಿಡಿದಿದೆ. ಆರಂಭದಲ್ಲಿ ಮೆಂಡೆ ಮಾತಿಗೆ ಸಬ್‌ಟೈಟಲ್ ಕೊಡದೆ ಬಿಟ್ಟಿರುವುದು ಬೇಕೆಂದೇ. ಒಬ್ಬರ ಮಾತು ಒಬ್ಬರಿಗೆ ಹತ್ತದ ಆ ಗೋಡೆ ಪ್ರೇಕ್ಷಕನಿಗೂ ತಟ್ಟಬೇಕು. ಸಬ್‌ಟೈಟಲ್ ಕೆಟ್ಟಿದೆ ಎಂದು ಪ್ಲೇಯರಿನ ಸೆಟ್ಟಿಂಗ್ ತಿರುವಲು ಹೋಗಬೇಡಿ. ನಡೆದ ಸಂಗತಿ ಇದು: ಯೇಲ್ ಕಾಲೇಜಿನ ಪ್ರಾಧ್ಯಾಪಕ ಜೋಸಯ್ಯ ಗಿಬ್ಸ್ ಜೈಲಿಗೆ ಹೋಗಿ ಸೆರೆಯಾಳುಗಳ ಮುಂದೆ ಒಂದು ಬೆರಳು, ಎರಡು ಬೆರಳು ಎಂದು ತೋರಿಸುತ್ತ ಹತ್ತರವರೆಗೆ ಅವರ ಎಣಿಕೆ ಕಲಿತರು. ಆಮೇಲೆ ನ್ಯೂಯಾರ್ಕಿನ ಹಡಗುಕಟ್ಟೆಯಲ್ಲಿ ಆ ಎಣಿಕೆಯನ್ನು ಗಟ್ಟಿಯಾಗಿ ಹೇಳುತ್ತ ಅಡ್ಡಾಡಿದರು. ಬ್ರಿಟಿಷ್ ಹಡಗು ‘ಬಜರ್ಡ್’ನ ನಾವಿಕ ಜೇಮ್ಸ್ ಕೋವಿ ಸಿಕ್ಕಿದ್ದು ಹಾಗೆ. ಕೋವಿಯೂ ಬಾಲ್ಯದಲ್ಲಿ ಗುಲಾಮರ ಹಡಗಿಗೆ ಬಿದ್ದು, ಬ್ರಿಟಿಷ್ ನೌಕಾಪಡೆಯಿಂದ ಬಿಡುಗಡೆಯಾಗಿ ಸಿಯೆರಾ ಲಿಯೋನಿನಲ್ಲಿ ಬೆಳೆದವನು. ಚಿತ್ರದಲ್ಲಿ ಬಂದರಿನಲ್ಲಿ ಎಣಿಸುತ್ತ ಓಡಾಡುವುದು ಬಾಲ್ಡ್‌ವಿನ್ ಮತ್ತು ಜೋಡ್‌ಸನ್ ಎಂಬ ಕಪ್ಪು ದಾಸ್ಯವಿರೋಧಿ. ಪಾತ್ರ ಬದಲಿಸಿದ್ದಾರೆ, ಕೆಲಸ ಅದೇ. ಕೋವಿಯಾಗಿ ನಟಿಸಿದ ಚಿವೆಟೆಲ್ ಎಜಿಯೊಫೋರ್‌ಗೆ ಇದು ಮೊದಮೊದಲ ಸಿನಿಮಾ ಪಾತ್ರಗಳಲ್ಲೊಂದು.

ಮಾರ್ಗನ್ ಫ್ರೀಮನ್ನರ ಥಿಯೋಡರ್ ಜೋಡ್‌ಸನ್ ಎಂಬಾತ ಇರಲೇ ಇಲ್ಲ. ಆ ಕಾಲದ ಕಪ್ಪು ದಾಸ್ಯವಿರೋಧಿಗಳನ್ನೆಲ್ಲ ಸೇರಿಸಿ ಮಾಡಿದ ಒಂದು ಪಾತ್ರ ಅದು. ಆದರೆ ನಿಜವಾದವರು ಇದ್ದರಲ್ಲ! ಜೇಮ್ಸ್ ಪೆನಿಂಗ್ಟನ್ ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಹಾರ್ಟ್‌ಫರ್ಡಿನಲ್ಲಿ ಪಾದ್ರಿಯಾಗಿದ್ದವರು. ಈ ಮೆಂಡೆ ಜನರಿಗಾಗಿ 1841ರಲ್ಲಿ ಸಂಘ ಕಟ್ಟಿದವರು. ಅವರನ್ನು ಬಿಟ್ಟು ಕಲ್ಪಿತ ಪಾತ್ರವೊಂದನ್ನು ನಿಲ್ಲಿಸಿ, ಅದಕ್ಕೂ ಹೇಳಿಕೊಳ್ಳುವಂಥ ಕೆಲಸ ಕೊಡದೆ ಬಿಟ್ಟಿರುವುದು ಚಿತ್ರದ ದೊಡ್ಡ ಲೋಪ. ಟ್ಯಾಪನ್‌ಗೆ ಆಗಿರುವುದು ಇದಕ್ಕಿಂತ ಹೆಚ್ಚಿನ ಅನ್ಯಾಯ. ಇವರು ಸತ್ತರೇ ನಮ್ಮ ಹೋರಾಟಕ್ಕೆ ಹೆಚ್ಚು ಉಪಯೋಗ ಎಂಬ ಅರ್ಥದ ಮಾತನ್ನು ಅವರ ಬಾಯಲ್ಲಿ ಆಡಿಸಿದ್ದಾರೆ. ಆ ಟ್ಯಾಪನ್ ಎರಡು ವರ್ಷ ಹಣ ಕೂಡಿಸಿದರು, ಪಾಠ ಹೇಳುವವರನ್ನು ಜೈಲಿಗೆ ಕಳಿಸಿದರು, ಸೆರೆಯಾಳುಗಳ ಪರವಾಗಿ ಹಲ್ಲೆ ಮತ್ತು ಅಕ್ರಮ ಬಂಧನದ ದಾವೆ ಹೂಡಿಸಿ ರೂಯಿಸ್–ಮೊಂತೆಸ್ ಇಬ್ಬರನ್ನೂ ನ್ಯೂಯಾರ್ಕಿನ ಜೈಲಿಗೇ ತಳ್ಳಿಸಿದ್ದರು.

ಈಗ ಹಡಗಿನ ಹೊಟ್ಟೆ. ಸುಮಾರು ಅರ್ಧ ದಾರಿಯಲ್ಲಿ ಸಿಂಕೆ ಕೋವಿಯ ಮೂಲಕ ತನ್ನ ಕಥೆ ಹೇಳತೊಡಗಿದಾಗ ಬರುವ ‘ತೆಕೋರಾ’ ಭಾಗ. ಅಟ್ಲಾಂಟಿಕ್ ಗುಲಾಮರ ಸಾಗಣೆಯ ಒಟ್ಟು ಲೆಕ್ಕ ಇಂದು ಸಂಶೋಧಕರ ಬಳಿ ಇದೆ: ಹಡಗು ಹತ್ತಿಸಿದವರು ಸುಮಾರು 1.25 ಕೋಟಿ, ಜೀವಂತ ಇಳಿದವರು ಸುಮಾರು 1.07 ಕೋಟಿ. ಆ ನಡುವಿನ ಹದಿನೆಂಟು ಲಕ್ಷ ಜನ ಎಲ್ಲಿ ಹೋದರು ಅನ್ನುವುದನ್ನು ಈ ಹತ್ತು ನಿಮಿಷ ತೋರಿಸುತ್ತದೆ. ಅಳತೆಗಳು ಗೊತ್ತಿದ್ದರೆ ದೃಶ್ಯದ ಬಿಗಿ ಅರ್ಥವಾಗುತ್ತದೆ. ಬ್ರಿಟನ್ನಿನಲ್ಲಿ 1788ರಲ್ಲಿ ಬಂದ ಕಾನೂನಿನ ಪ್ರಕಾರ ‘ಬ್ರೂಕ್ಸ್’ ಎಂಬ ಹಡಗಿನೊಳಗೆ ಜನರನ್ನು ಹೇಗೆ ಜೋಡಿಸಬಹುದು ಎಂದು ದಾಸ್ಯವಿರೋಧಿಗಳು ಒಂದು ನಕ್ಷೆ ಅಚ್ಚು ಹಾಕಿಸಿದ್ದರು. ಅದರಲ್ಲಿ ಒಬ್ಬ ಗಂಡಸಿಗೆ ಆರು ಅಡಿ ಉದ್ದ, ಹದಿನಾರು ಇಂಚು ಅಗಲ. ಹುಡುಗನಿಗೆ ಐದು ಅಡಿ ಉದ್ದ, ಹದಿನಾಲ್ಕು ಇಂಚು ಅಗಲ. ಎರಡು ಡೆಕ್ಕುಗಳ ನಡುವಿನ ಎತ್ತರವನ್ನು ಹಲಗೆಯ ಅಟ್ಟ ಹಾಕಿ ಮತ್ತೆ ಇಬ್ಭಾಗ ಮಾಡಿದರೆ ಒಬ್ಬೊಬ್ಬನ ಮೇಲೆ ಉಳಿಯುವುದು ಎರಡೂವರೆ ಅಡಿ ಚಿಲ್ಲರೆ. ಕಾನೂನು ಬಿಟ್ಟುಕೊಟ್ಟ ಲೆಕ್ಕ 454 ಜನ. ಕಾನೂನಿಗೂ ಮುಂಚೆ ಅದೇ ಹಡಗು ಒಂದು ಪಯಣದಲ್ಲಿ 609 ಜನರನ್ನು ಹೇರಿತ್ತು. ಹದಿನಾರು ಇಂಚು ಎಷ್ಟು ಎಂದು ಒಂದು ಅಳತೆಪಟ್ಟಿ ಹಿಡಿದು ನೋಡಿ. ಭುಜ ಮಟ್ಟಸವಾಗಿ ಇಟ್ಟು ಮಲಗಲಾಗದು, ಪಕ್ಕಕ್ಕೆ ತಿರುಗಲೇಬೇಕು, ಒಬ್ಬ ತಿರುಗಿದರೆ ಬೇಡಿಯ ಜೊತೆಗಾರನೂ ತಿರುಗಬೇಕು.

‘ತೆಕೋರಾ’ದ ವಿಷಯಕ್ಕೆ ಬಂದರೆ, ಡೆಕ್ಕುಗಳ ನಡುವೆ ನಾಲ್ಕಡಿ ಮೀರುತ್ತಿರಲಿಲ್ಲ, ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ ಎಂದು ಬದುಕುಳಿದ ಗ್ರಾಬೋ ಮತ್ತು ಕಿಂಬೊ 1839ರಲ್ಲೇ ಹೇಳಿದರು, ಹೇಗೆ ಕುಕ್ಕರಿಸುತ್ತಿದ್ದರು ಎಂದು ನೆಲದ ಮೇಲೆ ಕೂತು ತೋರಿಸಿದರು. ಗಂಡಸರನ್ನು ಇಬ್ಬಿಬ್ಬರಂತೆ ಕೈಗೂ ಕಾಲಿಗೂ ಬೇಡಿ ಹಾಕಿ ಜೋಡಿಸಿದ್ದರು. ಇನ್ನೊಂದು ಮಾತನ್ನೂ ಅವರು ಹೇಳಿದ್ದಾರೆ: ಅನ್ನ ಸಾಕಷ್ಟಿತ್ತು, ನೀರು ಬಹಳ ಕಡಿಮೆ, ತಟ್ಟೆಯಲ್ಲಿ ಅನ್ನ ಉಳಿಸಿದರೆ ಚಾಟಿಯೇಟು, ವಾಂತಿ ಬರುವಷ್ಟು ತಿನ್ನಿಸುತ್ತಿದ್ದರು. ಮಾರಾಟದ ದಿನ ಮೈ ತುಂಬಿಕೊಂಡು ಕಾಣಬೇಕಲ್ಲ, ಅದಕ್ಕೆ.

ಚಿತ್ರ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ದಾಸ್ತಾನು ಸಾಲದೆಂದು ಐವತ್ತು ಜನರನ್ನು ಕಲ್ಲಿನ ಚೀಲಕ್ಕೆ ಸರಪಳಿಯಿಂದ ಕಟ್ಟಿ ಕಡಲಿಗೆ ನೂಕುತ್ತಾರೆ. ಆಮೇಲೆ ಕೋರ್ಟಿನಲ್ಲಿ ಬ್ರಿಟಿಷ್ ಕಪ್ತಾನ ಫಿಟ್ಸ್‌ಜೆರಾಲ್ಡ್ ಹಡಗಿನ ದಾಖಲೆಯಲ್ಲಿ ಸರಕಿನ ತೂಕ ಇದ್ದಕ್ಕಿದ್ದಂತೆ ಇಳಿದಿರುವುದನ್ನು ತೋರಿಸಿ ಈ ಕೊಲೆಯನ್ನು ಓದಿ ಹೇಳುತ್ತಾನೆ. ಸಿನಿಮಾ ಆಗಿ ಅದ್ಭುತ ದೃಶ್ಯ. ಆದರೆ ಆ ದಾಖಲೆ ‘ಅಮಿಸ್ತಾದ್’ನ ಕ್ಯಾಬಿನ್ನಿನಲ್ಲಿ ಸಿಕ್ಕಿದ್ದು ಕಟ್ಟುಕಥೆ, ಐವತ್ತು ಜನರನ್ನು ಮುಳುಗಿಸಿದ್ದು ‘ತೆಕೋರಾ’ದ ಬದುಕುಳಿದವರ ಹೇಳಿಕೆಯಿಂದ ಬಂದದ್ದಲ್ಲ. ಹಾಗೆಂದು ಇಂಥದ್ದು ಎಲ್ಲೂ ನಡೆಯಲಿಲ್ಲ ಅನ್ನುವಂತಿಲ್ಲ. 1781ರಲ್ಲಿ ‘ಝಾಂಗ್’ ಎಂಬ ಬ್ರಿಟಿಷ್ ಹಡಗಿನವರು ನೀರು ಸಾಲದು ಎಂಬ ನೆಪದಲ್ಲಿ 130ಕ್ಕೂ ಹೆಚ್ಚು ಜನರನ್ನು ಕಡಲಿಗೆ ಎಸೆದು, ದಡಕ್ಕೆ ಬಂದು ‘ಕಳೆದ ಸರಕಿಗೆ’ ವಿಮೆ ಹಣ ಕೇಳಿದ್ದರು. ಆ ಕೇಸು ಲಂಡನ್ನಿನ ಕೋರ್ಟಿನಲ್ಲಿ ನಡೆಯಿತು, ಕೊಲೆ ಮೊಕದ್ದಮೆಯಾಗಿ ಅಲ್ಲ, ವಿಮೆ ವ್ಯಾಜ್ಯವಾಗಿ. ಸ್ಪಿಲ್‌ಬರ್ಗ್ ಒಂದು ಹಡಗಿನ ಪಾಪವನ್ನು ಇನ್ನೊಂದಕ್ಕೆ ಹೊರಿಸಿದ್ದಾರೆ. ತಪ್ಪೇ? ಪ್ರೇಕ್ಷಕನಿಗೆ ಗೊತ್ತಿದ್ದರೆ ಅಷ್ಟೇನಲ್ಲ. ನನ್ನ ತಕರಾರು ಬೇರೆ: ಇದರಿಂದಾಗಿ ಕೇಸನ್ನು ಗೆಲ್ಲಿಸಿದ ಅಸಲಿ ಸಾಕ್ಷಿ ಪರದೆಯಿಂದಲೇ ಕಾಣೆಯಾದ. ಹವಾನಾದಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿಯಾಗಿದ್ದ ಐರಿಷ್ ವೈದ್ಯ ರಿಚರ್ಡ್ ಮ್ಯಾಡನ್ 1839ರ ನವೆಂಬರಿನಲ್ಲಿ ಅಮೆರಿಕಕ್ಕೆ ಬಂದು ಹೇಳಿಕೆ ಕೊಟ್ಟರು. ಹೊಸಬರನ್ನು ಹಳಬರೆಂದು ಬರೆಯುವ ದಂಧೆ ಹವಾನಾದಲ್ಲಿ ಹೇಗೆ ನಡೆಯುತ್ತದೆ ಎಂದು ಒಳಗಿನಿಂದ ಬಲ್ಲವರು ಅವರು.

‘ತೆಕೋರಾ’ ಪೋರ್ಚುಗಲ್ ಬಾವುಟ ಹಾರಿಸುತ್ತಿದ್ದದ್ದರ ಹಿಂದೆಯೂ ಕಾನೂನಿನ ತೂತೇ ಇದೆ. ಬ್ರಿಟಿಷ್ ನೌಕಾಪಡೆಯ ಪಶ್ಚಿಮ ಆಫ್ರಿಕಾ ತುಕಡಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಕರಾವಳಿ ಕಾಯ್ದು, ಸುಮಾರು 1,600 ಹಡಗು ಹಿಡಿದು, ಒಂದೂವರೆ ಲಕ್ಷದಷ್ಟು ಜನರನ್ನು ಬಿಡಿಸಿತು. ಮೊದಮೊದಲು ಹಡಗಿನಲ್ಲಿ ಗುಲಾಮರಿದ್ದರೆ ಮಾತ್ರ ಹಿಡಿಯಬಹುದಿತ್ತು. ಖಾಲಿ ಹಡಗು ನದೀಮುಖದಲ್ಲಿ ಕಾಯುತ್ತಿದ್ದರೆ ಸುಮ್ಮನೆ ನೋಡಬೇಕು. ಸ್ಪೇನಿನ ಜೊತೆ 1835ರಲ್ಲಿ ಹೊಸ ಒಪ್ಪಂದವಾಗಿ, ಸಲಕರಣೆ ಸಿಕ್ಕರೂ ಹಿಡಿಯಬಹುದು ಎಂದಾಯಿತು. ಏನೇನು ಸಲಕರಣೆ? ರಾಶಿ ಬೇಡಿಗಳು, ಅಟ್ಟ ಹಾಕಲು ಇಟ್ಟ ಬಿಡಿ ಹಲಗೆಗಳು, ಸಿಬ್ಬಂದಿಗೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ನೀರಿನ ಪೀಪಾಯಿ, ಊರೂಟಕ್ಕಾಗುವಷ್ಟು ದೊಡ್ಡ ಕೊಪ್ಪರಿಗೆ, ಮುಚ್ಚಳದ ಬದಲು ಗಾಳಿಯಾಡುವ ಜಾಲರಿ ಇರುವ ಬಾಗಿಲು. ಸ್ಪೇನಿನ ಬಾವುಟಕ್ಕೆ ಈ ಷರತ್ತು ಬಿದ್ದೊಡನೆ ವ್ಯಾಪಾರಿಗಳು ಅಂಥ ಷರತ್ತಿಗೆ ಒಪ್ಪದ ಪೋರ್ಚುಗಲ್ಲಿನ ಬಾವುಟದಡಿ ಸೇರಿಕೊಂಡರು. ಚಿತ್ರದ ‘ತೆಕೋರಾ’ ದೃಶ್ಯದಲ್ಲಿ ಈ ಸಲಕರಣೆಗಳಲ್ಲಿ ಎಷ್ಟು ಕಣ್ಣಿಗೆ ಬೀಳುತ್ತವೆ ಎಂದು ಹುಡುಕಿ ನೋಡಬಹುದು.

ಲೊಂಬೊಕೊ ಮಾತ್ರ ಪೂರ್ತಿ ತಪ್ಪು. ಪರದೆಯ ಮೇಲೆ ಕಾಣುವುದು ಬೃಹತ್ತಾದ ಕಲ್ಲಿನ ಕೋಟೆ. ಚಿತ್ರೀಕರಣ ಆದದ್ದು ಪೋರ್ಟೊ ರಿಕೊದ ಎಲ್ ಮೊರ್ರೊ ಕೋಟೆಯಲ್ಲಿ. ಕಲ್ಲುಕೋಟೆಗಳು ಎಲ್ಮಿನಾ, ಕೇಪ್ ಕೋಸ್ಟ್‌ಗಳಂಥ ಹಳೆಯ ಕೇಂದ್ರಗಳಿಗೆ ಸೇರಿದವು. ಸರ್ಕಾರಗಳೇ ಬೆನ್ನಿಗಿದ್ದು ರಾಜಾರೋಷವಾಗಿ ವ್ಯಾಪಾರ ಮಾಡಿದ ಕಾಲದವು. 1830ರ ದಶಕದಲ್ಲಿ ಇದು ಕಳ್ಳವ್ಯಾಪಾರ. ಜೌಗು ನೆಲದ ನಡುಗಡ್ಡೆಗಳ ಮೇಲೆ, ಮ್ಯಾಂಗ್ರೋವ್ ಮರೆಯಲ್ಲಿ, ಮರದ ಗೂಟ ಹೂಡಿ ಹುಲ್ಲು ಹೊದಿಸಿದ ದೊಡ್ಡಿಗಳು ಇರುತ್ತಿದ್ದವು. ಕೊನೆಯಲ್ಲಿ ಫಿಟ್ಸ್‌ಜೆರಾಲ್ಡ್ ಫಿರಂಗಿ ಹಾರಿಸಿ ಕೋಟೆ ಉರುಳಿಸುವುದೂ ಹಾಗೆಯೇ. ಗಾಲಿನಾಸಿನ ದೊಡ್ಡಿಗಳನ್ನು ಸುಟ್ಟದ್ದು ಜೋಸೆಫ್ ಡೆನ್ಮನ್ ಎಂಬ ಬೇರೆ ಅಧಿಕಾರಿ, 1840ರ ನವೆಂಬರಿನಲ್ಲಿ, ಅಂದರೆ ಸುಪ್ರೀಂ ಕೋರ್ಟಿನ ತೀರ್ಪಿಗಿಂತ ಮುಂಚೆಯೇ. ದೊಡ್ಡಿಗಳಿಂದ 800ಕ್ಕೂ ಹೆಚ್ಚು ಜನ ಬಿಡುಗಡೆಯಾದರು. ಸರಕು ಕಳೆದುಕೊಂಡ ಒಬ್ಬ ಸ್ಪ್ಯಾನಿಷ್ ವ್ಯಾಪಾರಿ ನಷ್ಟ ಕಟ್ಟಿಕೊಡು ಎಂದು ಡೆನ್ಮನ್ ಮೇಲೆಯೇ ಇಂಗ್ಲೆಂಡಿನಲ್ಲಿ ದಾವೆ ಹೂಡಿದ. 1848ರಲ್ಲಿ ಅವನು ಸೋತ. ನಮ್ಮಲ್ಲಿ ಎಲ್‌ಎಲ್‌ಬಿ ಮಾಡಿದವರಿಗೆ ಈ ಕೇಸು ಗೊತ್ತು: ಟಾರ್ಟ್ಸ್ ಪುಸ್ತಕದಲ್ಲಿ ‘ಆಕ್ಟ್ ಆಫ್ ಸ್ಟೇಟ್’ (ಸರ್ಕಾರ ತನ್ನದೆಂದು ಒಪ್ಪಿಕೊಂಡ ಕೃತ್ಯಕ್ಕೆ ಪರದೇಶದವನು ದಾವೆ ಹೂಡಲಾಗದು ಎಂಬ ತತ್ವ) ಅಧ್ಯಾಯದಲ್ಲಿ ಬಾಯಿಪಾಠ ಮಾಡುವ ‘ಬ್ಯೂರಾನ್ ವರ್ಸಸ್ ಡೆನ್ಮನ್’ ಇದೇ. ಆ ಬ್ಯೂರಾನ್ ಕಳೆದುಕೊಂಡ ಆಸ್ತಿ ಏನು ಎಂದು ಪರೀಕ್ಷೆಗೆ ಓದುವಾಗ ಯಾರೂ ಕೇಳುವುದಿಲ್ಲ.

ಗುಲಾಮರ ಹಡಗು ಅಂದರೆ ಅಟ್ಲಾಂಟಿಕ್ ಮಾತ್ರ ಅಂದುಕೊಳ್ಳುವವರಿಗೆ ಇಲ್ಲೇ ಒಂದು ಮಾತು. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಗಳ ಪೂರ್ವಿಕರಲ್ಲಿ ಬಹಳಷ್ಟು ಮಂದಿಯನ್ನು ಆಫ್ರಿಕಾದ ಪೂರ್ವ ಭಾಗದಿಂದ ಪೋರ್ಚುಗೀಸರ ಹಡಗುಗಳು ಗೋವಾಕ್ಕೆ ತಂದವು. ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡು ಸೇರಿದವರ ಮಕ್ಕಳು ಇವರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಆ ಕಡಲದಾರಿಯ ವ್ಯಾಪಾರದ ರೀತಿಯೇ ಬೇರೆ, ‘ಅಮಿಸ್ಟಾಡ್’ ನೋಡಿ ಅದನ್ನು ಊಹಿಸಲು ಹೋಗಬಾರದು.

ಮತ್ತೆ ಕೋರ್ಟಿಗೆ. ಚಿತ್ರದಲ್ಲಿ ಅಧ್ಯಕ್ಷ ವ್ಯಾನ್ ಬ್ಯೂರನ್ ಮೊದಲ ಜಡ್ಜನ್ನು ತೆಗೆಸಿ ತನಗೆ ಬೇಕಾದ ಹರೆಯದ ಜಡ್ಜನ್ನು ಕೂರಿಸುತ್ತಾನೆ, ಆ ಜಡ್ಜ್ ಆತ್ಮಸಾಕ್ಷಿಗೆ ಓಗೊಟ್ಟು ಎದುರು ತೀರ್ಪು ಕೊಡುತ್ತಾನೆ. ಅಂಥ ಬದಲಾವಣೆ ಆಗಲಿಲ್ಲ. ಮೊದಲಿನಿಂದ ಕೊನೆಯವರೆಗೆ ಇದ್ದದ್ದು ಆಂಡ್ರೂ ಜಡ್ಸನ್. ಈತನ ಹಿನ್ನೆಲೆ ಗೊತ್ತಾದರೆ ಕಟ್ಟುಕಥೆ ಯಾಕೆ ಬೇಕಿತ್ತು ಅನ್ನಿಸುತ್ತದೆ. ಕನೆಕ್ಟಿಕಟ್ಟಿನ ಕ್ಯಾಂಟರ್‌ಬರಿಯಲ್ಲಿ ಪ್ರೂಡೆನ್ಸ್ ಕ್ರ್ಯಾಂಡಲ್ ಎಂಬಾಕೆ ಕಪ್ಪು ಹುಡುಗಿಯರಿಗೆ ಶಾಲೆ ತೆರೆದಾಗ, 1833ರಲ್ಲಿ ಆಕೆಯನ್ನು ಕಟಕಟೆಗೆ ಎಳೆಯಲು ಮುಂದೆ ನಿಂತವನು ಇದೇ ಜಡ್ಸನ್. ಅಂಥವನು 1840ರ ಜನವರಿಯಲ್ಲಿ, ಸಾಕ್ಷ್ಯ ಮುಂದಿಟ್ಟುಕೊಂಡು, ಇವರು ಸ್ವತಂತ್ರರಾಗಿ ಹುಟ್ಟಿದವರು, ಅಪಹೃತರು ಎಂದು ಬರೆಯಬೇಕಾಯಿತು. ಕಾಗದದ ಸುಳ್ಳು ಎಷ್ಟು ಸ್ಪಷ್ಟವಾಗಿ ಸಾಬೀತಾಗಿತ್ತು ಅನ್ನುವುದಕ್ಕೆ ಬೇರೆ ಪುರಾವೆ ಬೇಡ. ತೀರ್ಪು ಬರುವ ಹೊತ್ತಿಗೆ ‘ಗ್ರಾಂಪಸ್’ ಎಂಬ ನೌಕಾಪಡೆಯ ಹಡಗು ನ್ಯೂ ಹೇವನ್ನಿನಲ್ಲಿ ಸಿದ್ಧವಾಗಿ ನಿಂತಿತ್ತು. ತೀರ್ಪು ಸ್ಪೇನಿನ ಪರವಾದರೆ, ಮೇಲ್ಮನವಿ ಹಾಕುವಷ್ಟರಲ್ಲಿ ಎಲ್ಲರನ್ನೂ ಕ್ಯೂಬಾಕ್ಕೆ ಸಾಗಿಸಿಬಿಡಬೇಕೆಂಬುದು ವ್ಯಾನ್ ಬ್ಯೂರನ್ ಕಡೆಯ ಹಂಚಿಕೆ. ಕೋರ್ಟಿನಲ್ಲಿ ಸಿಂಕೆ ಎದ್ದು ನಿಂತು ಹರಕು ಇಂಗ್ಲಿಷಿನಲ್ಲಿ ಬಿಡುಗಡೆಗಾಗಿ ಕೂಗುವುದು ಚಿತ್ರದ ಕಲ್ಪನೆ. ಅವನು ನಿಜಕ್ಕೂ ಮಾಡಿದ್ದು ಕೋವಿಯ ಮೂಲಕ ಸಾಕ್ಷಿ ಹೇಳಿದ್ದು.

ಸರ್ಕಾರ ಮೇಲ್ಮನವಿ ಹಾಕಿದ್ದರಿಂದ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಚಿತ್ರದ ಆ ದೃಶ್ಯದಲ್ಲಿ ಸಿಂಕೆ ಕೂತಿರುತ್ತಾನೆ. ನಿಜದಲ್ಲಿ ಅವನೂ ಸಂಗಡಿಗರೂ ಕನೆಕ್ಟಿಕಟ್ಟಿನಲ್ಲೇ ಇದ್ದರು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಗುಲಾಮಗಿರಿ ಇದ್ದ ರಾಜ್ಯಗಳವರು. ಸೆರೆಯಾಳುಗಳ ಪರವಾಗಿ 73ರ ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆ್ಯಡಮ್ಸ್ (ಚಿತ್ರದಲ್ಲಿ ಹಾಪ್ಕಿನ್ಸ್) ವಾದ ಶುರು ಮಾಡಿದ್ದು 1841ರ ಫೆಬ್ರುವರಿ 24ರಂದು. ಅದೇ ರಾತ್ರಿ ನ್ಯಾಯಮೂರ್ತಿ ಬಾರ್ಬರ್ ತೀರಿಕೊಂಡದ್ದರಿಂದ ಕಲಾಪ ನಿಂತು, ಮಾರ್ಚ್ 1ರಂದು ಮುಗಿಸಿದರು. ಎರಡೂ ದಿನ ಸೇರಿ ಸುಮಾರು ಎಂಟು ಗಂಟೆ. ಹಾಪ್ಕಿನ್ಸ್‌ಗೆ ಸಿಕ್ಕಿರುವುದು ಹನ್ನೊಂದು ನಿಮಿಷದಷ್ಟು. ಪೂರ್ವಿಕರನ್ನು ಕರೆಯುವ ಮಾತು ಚಿತ್ರದ್ದು. ಆ್ಯಡಮ್ಸ್ ಹೆಚ್ಚು ಹೊತ್ತು ಕಳೆದದ್ದು ಸರ್ಕಾರ ಮತ್ತು ಸ್ಪೇನಿನ ರಾಯಭಾರಿಗಳ ನಡುವಿನ ಪತ್ರಗಳನ್ನು ಒಂದೊಂದಾಗಿ ಓದಿ, ಆಡಳಿತ ಕೋರ್ಟಿನ ಕೆಲಸಕ್ಕೆ ಹೇಗೆ ಕೈ ಹಾಕಿತು ಎಂದು ಬಿಡಿಸಿ ಹೇಳುವುದರಲ್ಲಿ. ಗೋಡೆಯ ಮೇಲಿದ್ದ ಸ್ವಾತಂತ್ರ್ಯ ಘೋಷಣೆಯತ್ತ ಕೈ ತೋರಿಸಿದ್ದು ಮಾತ್ರ ನಿಜ. ಮಾರ್ಚ್ 9ರಂದು ನ್ಯಾಯಮೂರ್ತಿ ಸ್ಟೋರಿ ತೀರ್ಪು ಓದಿದರು, ಒಬ್ಬರದಷ್ಟೇ ಭಿನ್ನಮತ. ರಹದಾರಿ ಮೇಲ್ನೋಟಕ್ಕೆ ಪುರಾವೆ, ಆದರೆ ಮೋಸದಿಂದ ಪಡೆದದ್ದೆಂದು ತೋರಿದರೆ ಬೆಲೆಯಿಲ್ಲ ಎಂಬುದೇ ಅದರ ತಿರುಳು, ಅಂದರೆ ಬಾಲ್ಡ್‌ವಿನ್ ಮೊದಲಿನಿಂದ ಹೇಳುತ್ತಿದ್ದದ್ದು. ಅಂದಹಾಗೆ ಚಿತ್ರದಲ್ಲಿ ಸ್ಟೋರಿ ಪಾತ್ರ ಮಾಡಿದವರು ಹ್ಯಾರಿ ಬ್ಲ್ಯಾಕ್‌ಮನ್, ಅದೇ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ.

ಸಣ್ಣಪುಟ್ಟ ಎಡವಟ್ಟುಗಳೂ ಇವೆ. ಆ್ಯಡಮ್ಸ್ ತನ್ನ ಗಾಜಿನ ಮನೆಯಲ್ಲಿ ಸಿಂಕೆಗೆ ಆಫ್ರಿಕನ್ ವಯಲೆಟ್ ತೋರಿಸುತ್ತಾರೆ, ಅವನು ತವರಿನ ಹೂವು ಕಂಡಂತೆ ಮೂಸುತ್ತಾನೆ. ಆ ಗಿಡ ಪೂರ್ವ ಆಫ್ರಿಕಾದ್ದು, ಯುರೋಪಿನವರ ಕೈಗೆ ಸಿಕ್ಕಿದ್ದೇ 1890ರ ದಶಕದಲ್ಲಿ.

ತೀರ್ಪಿನ ನಂತರದ್ದನ್ನು ಚಿತ್ರ ನಾಲ್ಕು ಸಾಲಿನಲ್ಲಿ ಮುಗಿಸುತ್ತದೆ, ಆದರೆ ಅಲ್ಲಿ ವಿಷಯ ಬಹಳ ಇದೆ. ಇವರನ್ನು ಸರ್ಕಾರವೇ ಊರಿಗೆ ಮುಟ್ಟಿಸಬೇಕು ಎಂದು ಜಡ್ಸನ್ ಹೇಳಿದ್ದ ಭಾಗವನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಬಿಡುಗಡೆ ಸಿಕ್ಕಿತು, ಹಡಗಿನ ಖರ್ಚು ಸಿಗಲಿಲ್ಲ. ಚಂದಾ ಎತ್ತಿ, ಸಭೆಗಳಲ್ಲಿ ಮೆಂಡೆ ಜನರಿಂದ ಹಾಡಿಸಿ, ಓದಿಸಿ ಹಣ ಕೂಡಿಸಬೇಕಾಯಿತು. 1841ರ ನವೆಂಬರಿನಲ್ಲಿ ‘ಜೆಂಟಲ್‌ಮನ್’ ಎಂಬ ಹಡಗು ಹತ್ತಿದವರು 35 ಜನ. 53ರಲ್ಲಿ ಉಳಿದವರು ಅಷ್ಟೇ. ಗೆಡ್ನಿಗೆ ಹಡಗು ಮತ್ತು ಸರಕಿನ ಬೆಲೆಯ ಮೂರನೇ ಒಂದು ಪಾಲು ಸಿಕ್ಕಿತು. ಕಪ್ತಾನನ ಗುಲಾಮ ಹುಡುಗ ಆಂತೋನಿಯೊನ ಕಾಗದ ‘ಸರಿಯಾಗಿ’ ಇದ್ದದ್ದರಿಂದ ಅವನನ್ನು ಕ್ಯೂಬಾಕ್ಕೆ ಮರಳಿಸಲು ಆಜ್ಞೆಯಾಗಿತ್ತು. ದಾಸ್ಯವಿರೋಧಿಗಳು ಅವನನ್ನು ಗುಟ್ಟಾಗಿ ಕೆನಡಾದ ಮಾಂಟ್ರಿಯಲ್ಲಿಗೆ ದಾಟಿಸಿದರು. ಮೂವರು ಹುಡುಗಿಯರಲ್ಲಿ ಒಬ್ಬಳಾದ ಮಾರ್ಗ್ರು ಮುಂದೆ ಅಮೆರಿಕಕ್ಕೆ ಮರಳಿ ಓಬರ್ಲಿನ್ ಕಾಲೇಜಿನಲ್ಲಿ ಓದಿದಳು. ಕೇಸಿಗೆ ಬೆನ್ನೆಲುಬಾದ ಆ ಮಕ್ಕಳ ಮುಖ ಚಿತ್ರದಲ್ಲಿ ನೆನಪಿಗೆ ಉಳಿಯುವಷ್ಟು ಹೊತ್ತು ಕಾಣುವುದೇ ಇಲ್ಲ.

ವಿದ್ಯಾರ್ಥಿಗಳಿಗೆ ತೋರಿಸುವವರಿಗೆ ಕೊನೆಯಲ್ಲಿ ಎರಡು ಮಾತು. ಅಮೆರಿಕದಲ್ಲಿ ಇದಕ್ಕೆ ‘ಆರ್’ ರೇಟಿಂಗ್ ಇದೆ, ದಂಗೆ ಮತ್ತು ‘ತೆಕೋರಾ’ ಭಾಗದ ಹಿಂಸೆ, ನಗ್ನತೆಗಾಗಿ. ಪಿಯುಸಿ ದಾಟಿದವರಿಗೆ ಪೂರ್ತಿ ತೋರಿಸಬಹುದು. ಹೈಸ್ಕೂಲಿನವರಿಗಾದರೆ ದಂಗೆಯನ್ನು ಬಿಟ್ಟು ಮೊದಲ ಕೋರ್ಟ್ ದೃಶ್ಯ, ಬಂದರಿನಲ್ಲಿ ಎಣಿಸುವ ಭಾಗ, ಜಿಲ್ಲಾ ಕೋರ್ಟಿನ ತೀರ್ಪು ಇಷ್ಟು ಸಾಕು. ‘ತೆಕೋರಾ’ದ ಜಾಗಕ್ಕೆ ‘ಬ್ರೂಕ್ಸ್’ ನಕ್ಷೆಯ ಪ್ರಿಂಟ್ ಮತ್ತು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಆರಡಿ–ಹದಿನಾರು ಇಂಚಿನ ಒಂದು ಆಯತ ಇಟ್ಟುಕೊಳ್ಳಿ. ಒಂದೇ ಬೈಠಕ್ಕಿನಲ್ಲಿ ತೋರಿಸಿದರೆ ಚರ್ಚೆಗೆ ಹೊತ್ತು ಉಳಿಯುವುದಿಲ್ಲ. ಜಡ್ಸನ್ ತೀರ್ಪಿನ ಬಳಿ ನಿಲ್ಲಿಸಿ, ರಹದಾರಿ ಸುಳ್ಳೆಂದು ಸಾಬೀತು ಮಾಡಲು ನಿಮ್ಮ ಬಳಿ ಯಾವ ಯಾವ ಸಾಕ್ಷ್ಯ ಇದೆ ಎಂದು ಕೇಳಿ ಪಟ್ಟಿ ಮಾಡಿಸಿ: ಮಕ್ಕಳ ವಯಸ್ಸು, ಸ್ಪ್ಯಾನಿಷ್ ಬಾರದಿರುವುದು, ರೂಯಿಸ್ ಆಡಿದ ಮಾತು, ಮ್ಯಾಡನ್ ಹೇಳಿಕೆ, ಕೋವಿಯ ಮೂಲಕ ಬಂದ ಸೆರೆಯಾಳುಗಳ ಸ್ವಂತ ಮಾತು. ಸುಪ್ರೀಂ ಕೋರ್ಟ್ ಭಾಗವನ್ನು ಮಾರನೆಯ ದಿನಕ್ಕೆ ಇಟ್ಟುಕೊಳ್ಳಿ.